ಎಂಟನೇ ಮಂಚದ ಹಸಿರು ದೀಪ

ಜೂನ್ 3

ಸೂಜಿ, ಹತ್ತಿ ಮತ್ತು ಸಕಲ ಕಹಿ ಔಷಧಗಳ ಚಕ್ರವರ್ತಿನಿಯಾದ ಅಕ್ಕನವರ ದಿವ್ಯ ಸನ್ನಿಧಾನಕ್ಕೆ,

ನಾನಿಲ್ಲಿ ಕ್ಷೇಮ. ನಿನ್ನ ಕ್ಷೇಮದ ಬಗ್ಗೆ ತನಿಖೆ ನಡೆಸಲು ಏಕಸದಸ್ಯ ಸಮಿತಿ ನೇಮಕವಾಗಿದೆ. ಆ ಸದಸ್ಯ ನಾನೇ.

ವಿಷಯ ಏನೆಂದರೆ, 5ರ ದೋಣಿಯಲ್ಲಿ ನಿಮ್ಮ ದ್ವೀಪದ ಆಸ್ಪತ್ರೆಗೆ ಒಂದು ಪೆಟ್ಟಿಗೆ ಬರುತ್ತದೆ. ನಮ್ಮ ವರ್ಕ್‌ಶಾಪಿನಲ್ಲೇ ಹುಟ್ಟಿದ್ದು. ಯಾವ ರೋಗಿಗೆ ಯಾವ ಔಷಧ ಯಾವಾಗ ಕೊಟ್ಟಿರಿ ಎಂದು ನೆನಪಿಡುವುದು ಅದರ ಕೆಲಸ. ಔಷಧ ಕೊಟ್ಟು ಮಂಚದ ನಂಬರ್ ಒತ್ತಿದರೆ ಹಸಿರು ದೀಪ, ಅಷ್ಟೇ. ನಿಮ್ಮಲ್ಲಿ ಇಂಟರ್ನೆಟ್ ಇಲ್ಲವಾದ್ದರಿಂದ ನೆನಪೆಲ್ಲ ಪೆಟ್ಟಿಗೆಯ ಹೊಟ್ಟೆಯಲ್ಲೇ ಇರಬೇಕು. ಅದಕ್ಕೆ ಒಳಗೇ ಕೂತು ಕೆಲಸ ಮಾಡುವ ಪುಟ್ಟ ಡೇಟಾಬೇಸ್ ಒಂದು ಬೇಕು. ಯಾವುದು ಎನ್ನುವುದರ ಮೇಲೆ ಇಲ್ಲಿ ಮಹಾಯುದ್ಧ ನಡೆದು ನಾನು ಗೆದ್ದಿದ್ದೇನೆ.

ಎದುರಾಳಿ ನಮ್ಮ ಹಿರಿಯ ಎಂಜಿನಿಯರ್. ನಾವಿಟ್ಟ ಹೆಸರು ನಿಧಾನಪ್ಪ. ನೀರು ಕುಡಿಯುವ ಮುಂಚೆ ಲೋಟದೊಳಗೆ ಇಣುಕಿ ನೋಡುತ್ತಾರೆ, ಕುಡಿದ ಮೇಲೂ ನೋಡುತ್ತಾರೆ. ಇಪ್ಪತ್ತು ವರ್ಷದಿಂದ ಎಲ್ಲರೂ ಬಳಸುತ್ತಿರುವ ಹಳೆಯ ಡೇಟಾಬೇಸೇ ಆಗಬೇಕು ಎಂದು ಹಟ ಹಿಡಿದರು. ಅದು ಹಳೇ ಕಾಲದ ಗುಮಾಸ್ತ ಇದ್ದ ಹಾಗೆ. ಶಾಯಿಯಲ್ಲಿ ಬರೆದು, ಒಣಗಿತೇ ಎಂದು ಮುಟ್ಟಿ ನೋಡಿ, ಆಮೇಲೆ ತಲೆಯೆತ್ತಿ "ಆಯ್ತು" ಅನ್ನುತ್ತದೆ. ನನ್ನದು ಹೊಸದು. ನೀನು ಬಾಯಿ ತೆರೆಯುವ ಮುಂಚೆಯೇ "ಆಯ್ತು" ಅನ್ನುತ್ತದೆ! ಯಜಮಾನರ ಎದುರು ಎರಡನ್ನೂ ಅಕ್ಕಪಕ್ಕ ಇಟ್ಟು ಓಡಿಸಿದೆವು. ಅವರದ್ದು ದೀಪ ಹತ್ತಿಸಲು ತಿಣುಕುತ್ತಿತ್ತು, ನನ್ನದು ಕಣ್ಣು ಮಿಟುಕಿಸುವುದರೊಳಗೆ ಹಸಿರು. ಯಜಮಾನರು ನನ್ನ ಬೆನ್ನು ತಟ್ಟಿದರು. ನಿಧಾನಪ್ಪ ಒಂದೇ ಮಾತು ಹೇಳಿದರು: "ಇಷ್ಟು ಬೇಗ ಯಾಕಪ್ಪಾ ಹತ್ತುತ್ತೆ ಅಂತ ನೋಡು." ಹೊಟ್ಟೆಯುರಿ.

ನಿನಗೊಂದು ಗುಟ್ಟಿನ ಉಡುಗೊರೆಯನ್ನೂ ಒಳಗೆ ಇಟ್ಟಿದ್ದೇನೆ. ಯಾವುದಾದರೂ ಮಂಚದ ಔಷಧ ತಪ್ಪಿದರೆ ಪರದೆಯ ಮೇಲೆ ಏನು ಬರುತ್ತದೆ ನೋಡು.

ಇತಿ, ಪೆಟ್ಟಿಗೆ ಖಾತೆಯ ಮಹಾಮಂತ್ರಿ


ಜೂನ್ 12

ತರಲೇ,

ಪೆಟ್ಟಿಗೆ ಬಂತು. ದೊಡ್ಡ ಸಿಸ್ಟರ್ ಅದರ ಸುತ್ತ ಮೂರು ಸಲ ತಿರುಗಿ, "ಇದು ಕಚ್ಚಲ್ಲ ತಾನೇ" ಎಂದು ಕೇಳಿದರು. ಅವರು ಇಲ್ಲಿನ ಮುಖ್ಯಸ್ಥೆ, ಮೂವತ್ತು ವರ್ಷದ ಸೇವೆ. ಒಂದು ಹನಿ ಮರೆತವರಲ್ಲ. ಈಗ ಪೆಟ್ಟಿಗೆಯನ್ನು ಮೆಚ್ಚಿಕೊಂಡಿದ್ದಾರೆ. ಹಳೆಯ ದೊಡ್ಡ ರಿಜಿಸ್ಟರನ್ನು ಬಟ್ಟೆಯಲ್ಲಿ ಸುತ್ತಿ ಉಗ್ರಾಣಕ್ಕೆ ಕಳಿಸಿಬಿಟ್ಟರು.

ನಮ್ಮ ವಾರ್ಡಿನಲ್ಲಿ ಎಂಟು ಮಂಚ, ಒಂದೇ ಸಾಕೆಟ್. ದೋಣಿ ಬರುವ ದಿನ ದ್ವೀಪದ ಜನರೆಲ್ಲ ದಡಕ್ಕೆ ಬರುತ್ತಾರೆ. ಬಂದವರು ಗಾಯ, ಹುಣ್ಣು ಎಲ್ಲ ಅವತ್ತೇ ತೋರಿಸುತ್ತಾರೆ. ಇನ್ನು ಮೇಲೆ ಅವತ್ತು ನನ್ನ ಸರದಿಯಿದ್ದರೆ ಎಂಟನೇ ಮಂಚ ಮುಗಿಸಿ, ಹಸಿರು ದೀಪ ಕಂಡ ಕೂಡಲೇ ನಿನ್ನ ಪೆಟ್ಟಿಗೆಯ ಪ್ಲಗ್ ಕಿತ್ತು ಕತ್ತರಿ, ಚಿಮುಟ ಕುದಿಸುವ ಪಾತ್ರೆಯ ಪ್ಲಗ್ ಹಾಕುತ್ತೇನೆ. ನಿನ್ನ ಪೆಟ್ಟಿಗೆ ಬೇಗ ಅನ್ನುವುದಕ್ಕೇ ಇದೆಲ್ಲ ಸಾಧ್ಯ. ಶಹಬ್ಬಾಸ್.

ಎಂಟನೇ ಮಂಚದಲ್ಲಿ ಟೋಪಿ ತಾತ ಇದ್ದಾರೆ. ಸ್ನಾನಕ್ಕೂ ಟೋಪಿ ತೆಗೆಯುವುದಿಲ್ಲ. ಹೃದಯದ ಔಷಧ, ಹೊತ್ತಿಗೆ ಎಣಿಸಿ ಹತ್ತು ಹನಿ. ಹೆಚ್ಚೂ ಆಗಬಾರದು, ಕಡಿಮೆಯೂ ಆಗಬಾರದು. ಏನು ಕೇಳಿದರೂ "ನೀ ಹೇಳಿದ್ಮೇಲೆ ಸರಿ ಮಗಳೇ" ಅನ್ನುತ್ತಾರೆ.

ಹೊತ್ತಿಗೆ ಸರಿಯಾಗಿ ಊಟ ಮಾಡು.

ಅಕ್ಕ


ಜೂನ್ 17

ಮಹಾಸ್ವಾಮಿನಿಯವರೇ,

ತಮ್ಮ ಶಹಬ್ಬಾಸನ್ನು ಕಟ್ಟು ಹಾಕಿಸಿ ನಿಧಾನಪ್ಪನವರ ಮೇಜಿನ ಎದುರಿನ ಗೋಡೆಗೆ ನೇತುಹಾಕಲಾಗಿದೆ.

ತಪ್ಪೊಪ್ಪಿಗೆಯೂ ಒಂದಿದೆ. ಮೊನ್ನೆ ನಿಮ್ಮ ಆಸ್ಪತ್ರೆಗೆ ಫೋನ್ ಮಾಡಿದ "ಕೇಂದ್ರ ದಿಂಬು ತಪಾಸಣಾ ಅಧಿಕಾರಿ" ನಾನೇ. ಮುದಿ ಗಂಟಲು ಮಾಡಿಕೊಂಡು, ವಾರ್ಡಿನಲ್ಲಿ ದಿಂಬು ಎಷ್ಟು, ಅವುಗಳಲ್ಲಿ ಎಡಗಡೆ ತಗ್ಗಾದವು ಎಷ್ಟು ಎಂದು ವಿಚಾರಿಸಿದೆ. ನಿಮ್ಮ ದೊಡ್ಡ ಸಿಸ್ಟರ್ ಪಾಪ ಎದ್ದು ಹೋಗಿ ಎಣಿಸಿ ಬಂದರು. ಆಮೇಲೆ ವರ್ಕ್‌ಶಾಪಿನ ಮೊಹರು ಒತ್ತಿ "ದಿಂಬುಗಳ ಸ್ಥಿತಿ ಕಳವಳಕಾರಿ" ಎಂಬ ಪತ್ರವನ್ನೂ ಕಳಿಸಿದೆ. ನನಗೇ ನಗು ತಡೆಯಲಾಗಲಿಲ್ಲ. ಅವರಿಗೆ ಗೊತ್ತಾಯಿತೇ?

ಪೆಟ್ಟಿಗೆ ನಿನ್ನನ್ನು ಇನ್ನೂ ಬೈದಿಲ್ಲವೇ?

ಇತಿ, ದಿಂಬು ಅಧಿಕಾರಿ (ಹಂಗಾಮಿ)


ಜುಲೈ 3

ಪುಟ್ಟಾ,

ದಿಂಬಿನ ವಿಷಯ ಗೊತ್ತಾಯಿತು. ಇನ್ನು ಮುಂದೆ ಮುದುಕರ ಗಂಟಲಿನಲ್ಲಿ ಯಾರು ಫೋನ್ ಮಾಡಿದರೂ ಇಟ್ಟುಬಿಡುತ್ತೇನೆ, ನಿಮ್ಮ ವರ್ಕ್‌ಶಾಪಿನ ಮೊಹರಿನ ಕಾಗದ ಬಂದರೆ ಒಲೆಗೆ ಹಾಕುತ್ತೇನೆ ಎಂದು ದೊಡ್ಡ ಸಿಸ್ಟರ್ ಹೇಳಿದ್ದಾರೆ.

ಪೆಟ್ಟಿಗೆ ಬೈದಿತು. "ಮರೆತುಬಿಟ್ಟಿರಾ ಸಿಸ್ಟರ್? ಎಂಟನೇ ಮಂಚದವರು ಕಾಯುತ್ತಿದ್ದಾರೆ." ಚೆನ್ನಾಗಿ ಬರೆದಿದ್ದೀಯ. ನಿನ್ನ ದನಿಯೇ ಕೇಳಿದ ಹಾಗಾಯಿತು.

ಒಂದು ಸಣ್ಣ ಕೆಲಸ. ಅಮ್ಮನ ಹಳೆಯ ಆಸ್ಪತ್ರೆ ಕಾಗದಗಳು ನಿನ್ನ ಹತ್ತಿರದ ಕಬ್ಬಿಣದ ಪೆಟ್ಟಿಗೆಯಲ್ಲಿವೆ. ಎಲ್ಲಕ್ಕಿಂತ ಮೊದಲನೆಯ ಚೀಟಿಯಲ್ಲಿ ಅವಳ ವಯಸ್ಸು ಎಷ್ಟೆಂದು ಬರೆದಿದ್ದಾರೆ, ನೋಡಿ ತಿಳಿಸು. ಇಲ್ಲೊಂದು ಫಾರಂ ತುಂಬಬೇಕು.

ಅಕ್ಕ


ಜುಲೈ 8

ಫಾರಂ ಪ್ರಿಯೆಯಾದ ಅಕ್ಕನವರಿಗೆ,

ಪುರಾತತ್ವ ಇಲಾಖೆಯು ಕಬ್ಬಿಣದ ಪೆಟ್ಟಿಗೆಯನ್ನು ಉತ್ಖನನ ಮಾಡಿತು. ಮೊದಲ ಚೀಟಿಯಲ್ಲಿ ಅಮ್ಮನಿಗೆ ನಲವತ್ತೊಂದು. "ನೆನಪು ತಪ್ಪುತ್ತಿದೆ ಎಂದು ಮಗಳು ಕರೆತಂದಿದ್ದಾಳೆ" ಎಂದಿದೆ. ನನಗೆ ಆಗ ಆರು ವರ್ಷ. ಸಾರಿಗೆ ಎರಡೆರಡು ಸಲ ಉಪ್ಪು ಬೀಳುತ್ತಿದ್ದುದು, ನೀನು ಸದ್ದಿಲ್ಲದೆ ನೀರು ಬೆರೆಸುತ್ತಿದ್ದುದು ಮಾತ್ರ ನೆನಪಿದೆ.

ನಿನಗೀಗ ಮೂವತ್ತೊಂಬತ್ತು. ಅಂದರೆ ಇನ್ನೂ ಎರಡು ವರ್ಷ ಬುದ್ಧಿ ನೆಟ್ಟಗಿರುತ್ತದೆ, ಅಷ್ಟರೊಳಗೆ ನಿನ್ನ ಗಡಿಯಾರ ಯಾರಿಗೆ ಸೇರಬೇಕೆಂದು ಬರೆದಿಡು. ನನಗೇ ಎಂದು ಬರೆ.

ಪೆಟ್ಟಿಗೆಯ ಬೈಗುಳ ಇಷ್ಟವಾದರೆ ಇನ್ನಷ್ಟು ಖಾರವಾದವು ಸ್ಟಾಕಿನಲ್ಲಿವೆ.

ಇತಿ, ಗಡಿಯಾರದ ಭಾವೀ ವಾರಸುದಾರ


ಜುಲೈ 24

ಪುಟ್ಟಾ,

ಮುಂದಿನ ತಿಂಗಳ ಕೊನೆಗೆ ಕೆಲಸ ಬಿಡುತ್ತಿದ್ದೇನೆ. ಕಾಗದ ಬರೆದು ಕೊಟ್ಟಾಯಿತು. ಕಾರಣ ನಿನಗೊಬ್ಬನಿಗೇ ಹೇಳುತ್ತೇನೆ. ಓದಿದ ಮೇಲೆ ಹರಿದುಹಾಕು.

ಜೂನ್ 26. ದೋಣಿಯ ದಿನದ ಬೆಳಗಿನ ಸರದಿ ಮೊದಲ ಸಲ ನನಗೆ ಬಂತು. ಟೋಪಿ ತಾತನಿಗೆ ಬೆಳಗಿನ ಹನಿ ಹಾಕಿದೆ. ಹಾಕಿದೆ ಎಂದುಕೊಂಡೆ. ಅರ್ಧ ಗಂಟೆಯಾದ ಮೇಲೆ ಪೆಟ್ಟಿಗೆಗೆ ಮತ್ತೆ ಪ್ಲಗ್ ಹಾಕಿದಾಗ "ಮರೆತುಬಿಟ್ಟಿರಾ ಸಿಸ್ಟರ್?" ಎಂದಿತು. ತಾತನನ್ನೇ ಕೇಳಿದೆ, ಕೊಟ್ಟೆನೋ ಇಲ್ಲವೋ ಎಂದು. "ನೀ ಹೇಳಿದ್ಮೇಲೆ ಸರಿ ಮಗಳೇ" ಅಂದರು. ಮತ್ತೆ ಹತ್ತು ಹನಿ ಹಾಕಿದೆ. ಮಧ್ಯಾಹ್ನದ ಹೊತ್ತಿಗೆ ಅವರ ನಾಡಿ ಮೂವತ್ತೆಂಟಕ್ಕೆ ಇಳಿದಿತ್ತು. ತುಟಿಯ ಬಣ್ಣ ಹೋಗಿತ್ತು. ಸಂಜೆಯವರೆಗೆ ಕೈ ಹಿಡಿದು ಕೂತೆ. ಪ್ರತಿ ಬಡಿತದ ನಂತರ ಇನ್ನೊಂದು ಬರುತ್ತದೋ ಇಲ್ಲವೋ ಎಂದು ಕಾಯುತ್ತಿದ್ದೆ. ಬದುಕಿಕೊಂಡರು. ವಯಸ್ಸಾದ ಹೃದಯ, ಏನೋ ಏರುಪೇರು ಎಂದು ಎಲ್ಲರೂ ಸುಮ್ಮನಾದರು. ನಾನೂ ಬಾಯಿ ಬಿಡಲಿಲ್ಲ.

ಆಮೇಲೆ ಜುಲೈ 3. ಜುಲೈ 10. ಜುಲೈ 17. ಪ್ರತಿ ಸಲವೂ ಎಂಟನೇ ಮಂಚವೇ. ಪ್ರತಿ ಸಲವೂ ಹನಿ ಹಾಕಿದ್ದು ಕಣ್ಣಿಗೆ ಕಟ್ಟಿದ ಹಾಗೆ ನೆನಪು, ಪ್ರತಿ ಸಲವೂ ಪೆಟ್ಟಿಗೆ ಇಲ್ಲ ಅನ್ನುತ್ತದೆ. ಅಂಗೈಯಲ್ಲಿ ಪೆನ್ನಿನಿಂದ ಗೆರೆ ಹಾಕಿಕೊಂಡೆ. ಗೆರೆ ಇತ್ತು. ಆದರೆ ಅದು ಇವತ್ತಿನದೋ, ನಿನ್ನೆಯದು ಅಳಿಸದೆ ಉಳಿದದ್ದೋ? ಹನಿ ಹಾಕುವ ಗಾಜಿನ ಕೊಳವೆ ಹಿಡಿದು ಮಂಚದ ಪಕ್ಕ ನಿಂತೇ ಇದ್ದೆ. ಹಾಕಿದರೆ ಅದು ಎರಡನೆಯ ಸಲದ ಹನಿಯಾಗಿ ಕೊಂದುಬಿಡಬಹುದು, ಹಾಕದಿದ್ದರೆ ಔಷಧವಿಲ್ಲದೆ ಸಾಯಬಹುದು. ತಾತ ಟೋಪಿ ಸರಿಮಾಡಿಕೊಂಡು ನಗುತ್ತಿದ್ದರು. ಮೂರು ಸಲವೂ ಹಾಕದೆ ಕೊಳವೆ ಕೆಳಗಿಟ್ಟೆ.

ದೊಡ್ಡ ಸಿಸ್ಟರ್ ಸರದಿಯಲ್ಲಿ ಒಮ್ಮೆಯೂ ಹೀಗಾಗಿಲ್ಲ.

ಅಮ್ಮನಿಗೂ ಹೀಗೇ ಶುರುವಾದದ್ದು. ಉಪ್ಪು ಹಾಕಿಲ್ಲ ಎಂದುಕೊಂಡು ಇನ್ನೊಮ್ಮೆ ಹಾಕುತ್ತಿದ್ದಳು. ಪೆಟ್ಟಿಗೆಯದೇ ತಪ್ಪಿರಬಹುದು ಎಂದು ಒಂದು ಗಳಿಗೆ ಅನ್ನಿಸಿತು. ಆದರೆ ಅದು ನೀನು ಮಾಡಿದ್ದು. ನಿನ್ನನ್ನು ಬೆಳೆಸಿದವಳು ನಾನು. ಕೆಲಸದಲ್ಲಿ ನೀನು ತಪ್ಪುವವನಲ್ಲ.

ಗಡಿಯಾರ ನಿನಗೇ. ಬರೆದಿಟ್ಟಿದ್ದೇನೆ.

ಅಕ್ಕ


ಜುಲೈ 27

ಅಕ್ಕಾ,

ಇದು ತಮಾಷೆಯ ಕಾಗದವಲ್ಲ. ದಯವಿಟ್ಟು ಪೂರ್ತಿ ಓದು.

ನಿನಗೇನೂ ಆಗಿಲ್ಲ. ನೀನು ಹನಿ ಹಾಕಿದ್ದೆ. ಮರೆತದ್ದು ಪೆಟ್ಟಿಗೆ.

"ಪ್ರತಿ ಸಲವೂ ಎಂಟನೇ ಮಂಚ" ಎಂದು ಓದುತ್ತಿದ್ದ ಹಾಗೆ ಎದ್ದು ನಿನ್ನ ಹಳೆಯ ಕಾಗದಗಳನ್ನು ತೆಗೆದೆ. ಪ್ಲಗ್ ಕೀಳುವ ವಿಷಯ ನೀನು ಜೂನಿನಲ್ಲೇ ಬರೆದಿದ್ದೆ. ನಾನು ಶಹಬ್ಬಾಸ್ ಒಂದನ್ನೇ ಓದಿಕೊಂಡಿದ್ದೆ. ಇಲ್ಲಿದ್ದ ಇನ್ನೊಂದು ಪೆಟ್ಟಿಗೆಯಲ್ಲಿ ಎಂಟು ಒತ್ತಿದೆ, ಹಸಿರು ದೀಪ ಬಂತು, ತಕ್ಷಣ ಪ್ಲಗ್ ಕಿತ್ತೆ. ಮತ್ತೆ ಹಾಕಿದರೆ ಎಂಟು ಇಲ್ಲ. ಇಪ್ಪತ್ತು ಸಲ ಮಾಡಿದೆ. ಹದಿನೆಂಟು ಸಲ ಇಲ್ಲ. "ಮರೆತುಬಿಟ್ಟಿರಾ ಸಿಸ್ಟರ್?" ಎಂದು ಹದಿನೆಂಟು ಸಲ ನನ್ನ ಮಾತನ್ನೇ ನಾನು ಓದಿದೆ.

ನನ್ನ ಗುಮಾಸ್ತ "ಆಯ್ತು" ಎಂದು ಮೊದಲು ಹೇಳಿಬಿಡುತ್ತಾನೆ. ಬರೆಯುವುದು ನಿಮಿಷಕ್ಕೊಮ್ಮೆ, ಎಲ್ಲ ಸೇರಿಸಿ. ಆ ನಿಮಿಷದೊಳಗೆ ಕರೆಂಟು ಹೋದರೆ ಹೇಳಿದ್ದು ಗಾಳಿಗೆ. ಏಳನೇ ಮಂಚದವರೆಗೆ ಬರೆಯಲು ಸಮಯ ಸಿಗುತ್ತಿತ್ತು, ಎಂಟಕ್ಕೆ ಸಿಗುತ್ತಿರಲಿಲ್ಲ. ಹೊಸದೆಂಬ ಕಾರಣಕ್ಕೆ ಅದು ಕೆಟ್ಟದ್ದಲ್ಲ. ಹೇಗೆ ಬಂದಿತ್ತೋ ಹಾಗೇ ಬಿಟ್ಟಿದ್ದರೆ ಅದೂ ಬರೆದ ಮೇಲೆಯೇ ದೀಪ ಹತ್ತಿಸುತ್ತಿತ್ತು. ಪಂದ್ಯದಲ್ಲಿ ಗೆಲ್ಲಬೇಕೆಂದು, ಬರೆಯುವ ತನಕ ಕಾಯುವುದನ್ನು ನಾನು ನಿಲ್ಲಿಸಿದ್ದೆ. ಹಾಗೆ ಮಾಡಿದರೆ ಏನಾಗುತ್ತದೆ ಎಂದು ಅದರ ಕೈಪಿಡಿಯಲ್ಲಿ ಸ್ಪಷ್ಟವಾಗಿ ಬರೆದಿದೆ. ಓದಿದ್ದೆ. ಕರೆಂಟು ಯಾಕೆ ಹೋಗುತ್ತದೆ ಎಂದುಕೊಂಡೆ.

ನಿಧಾನಪ್ಪನವರಿಗೆ ತೋರಿಸಿದೆ. ಅವರು ಬೈಯಲಿಲ್ಲ, ಬೈದಿದ್ದರೆ ವಾಸಿಯಿತ್ತು. "ಅವರ ಆಸ್ಪತ್ರೆಗೆ ಫೋನ್ ಮಾಡು" ಅಂದರು. ಮಾಡಿದೆ. ವರ್ಕ್‌ಶಾಪಿನವನು ಎಂದ ಕೂಡಲೇ ನಿಮ್ಮ ದೊಡ್ಡ ಸಿಸ್ಟರ್ ಇಟ್ಟುಬಿಟ್ಟರು. ಯಜಮಾನರಿಂದ ಮಾಡಿಸಿದೆ. ಅವರಿಗೆ ಎಪ್ಪತ್ತು ವರ್ಷ, ನಿಜವಾದ ಮುದಿ ಗಂಟಲು. "ದಿಂಬು ಹನ್ನೊಂದೇ ಇವೆ, ಬಂದು ತಗೊಂಡ್ಹೋಗಿ" ಎಂದು ಇಟ್ಟರು. ಮೊಹರಿನ ಕಾಗದ ಒಲೆಗೆ ಹೋಗುತ್ತದೆ ಎಂದು ನೀನೇ ಬರೆದಿದ್ದೀಯ. ಬರೋಣವೆಂದರೆ ಈ ಗಾಳಿಯಲ್ಲಿ ದೋಣಿಗೆ ಅಂಚೆಚೀಲ, ಔಷಧ ಬಿಟ್ಟರೆ ಯಾರನ್ನೂ ಹತ್ತಿಸುತ್ತಿಲ್ಲ. ದಡಕ್ಕೆ ಹೋಗಿ ಕಾಡಿ ಬೇಡಿ ಬಂದೆ.

ಬೇರೆ ಆಸ್ಪತ್ರೆಗಳಿಗೆ ಕಳಿಸಿದ ಉಳಿದ ನಾಲ್ಕು ಪೆಟ್ಟಿಗೆಗಳಿರುವ ಕಡೆ ನಿಧಾನಪ್ಪನವರೂ ನಾನೂ ಹೊರಡುತ್ತಿದ್ದೇವೆ. ನೀನು ಇಷ್ಟು ಮಾಡು. ಎಂಟು ಒತ್ತಿದ ಮೇಲೆ ಅರವತ್ತು ಎಣಿಸಿ ಪ್ಲಗ್ ಕೀಳು. ಎಂಟು ಉಳಿದಿರುತ್ತದೆ.

ಕೆಲಸ ಬಿಡಬೇಡ.

ತಮ್ಮ


ಆಗಸ್ಟ್ 7

ಪುಟ್ಟಾ,

ಕಳೆದ ದೋಣಿಗೇ ಉತ್ತರ ಬರೆಯಲು ಕೂತಿದ್ದೆ. ಆಗಲಿಲ್ಲ.

ನಿನ್ನ ಕಾಗದವನ್ನು ಎಷ್ಟು ಸಲ ಓದಿದೆನೋ. ಗುಮಾಸ್ತ, ನಿಮಿಷ, ಇಪ್ಪತ್ತರಲ್ಲಿ ಹದಿನೆಂಟು. ಇಪ್ಪತ್ತಕ್ಕೆ ಇಪ್ಪತ್ತೂ ಎಂದಿದ್ದರೆ ಯಾರೂ ನಂಬುವುದಿಲ್ಲ ಎಂದು ಹದಿನೆಂಟು ಅಂದಿದ್ದೀಯ. ಸುಳ್ಳನ್ನು ಇಷ್ಟು ಅಂದವಾಗಿ ಕಟ್ಟುವುದು ನಿನಗೊಬ್ಬನಿಗೇ ಸಾಧ್ಯ. ಅಮ್ಮ ಉಪ್ಪು ಎರಡು ಸಲ ಹಾಕಿದಾಗ ನಾನು ನೀರು ಬೆರೆಸಿ "ಎಷ್ಟು ರುಚಿಯಾಗಿದೆ" ಅನ್ನುತ್ತಿದ್ದೆ. ನೀನು ಅದನ್ನೇ ಮಾಡುತ್ತಿದ್ದೀಯ. ಅದಕ್ಕಾಗಿ ನಿನ್ನ ಕೆಲಸದ ಮೇಲೆ ನೀನೇ ಕಳಂಕ ಹಾಕಿಕೊಂಡೆಯಲ್ಲ. ಅಳು ಬಂತು.

ಅರವತ್ತು ಎಣಿಸಿ ನೋಡಲಿಲ್ಲ. ಎಣಿಸಿದ ಮೇಲೂ ಅದು "ಮರೆತುಬಿಟ್ಟಿರಾ" ಎಂದರೆ? ಈಗ ಪೆಟ್ಟಿಗೆಯ ಮೇಲೆ ಕಾಲು ಭಾಗವಾದರೂ ಅನುಮಾನ ಉಳಿದಿದೆ. ಆಮೇಲೆ ಅದೂ ಇರುವುದಿಲ್ಲ.

ತಲೆಸುತ್ತು ಎಂದು ಹೇಳಿ ಔಷಧದ ಸರದಿ ಬಿಟ್ಟುಕೊಟ್ಟಿದ್ದೇನೆ. ದೊಡ್ಡ ಸಿಸ್ಟರೇ ಎಲ್ಲ ಮಂಚಕ್ಕೂ ಹೋಗುತ್ತಾರೆ. ಎಂಟು ಒತ್ತಿದ ಮೇಲೆ ತಾತನ ಜೊತೆ ಮಾತಾಡಿ, ಕನ್ನಡಕ ಒರೆಸಿಕೊಂಡು, ಆಮೇಲೆ ನಿಧಾನಕ್ಕೆ ಬಂದು ಪ್ಲಗ್ ತೆಗೆಯುತ್ತಾರೆ. ಅವರಿಗೆ ಪೆಟ್ಟಿಗೆ ಏನೂ ಅನ್ನುವುದಿಲ್ಲ. ಗೊತ್ತಾಯಿತಲ್ಲ.

ಅಕ್ಕ


ಆಗಸ್ಟ್ 10

ಅಕ್ಕಾ,

31ರ ದೋಣಿಯಲ್ಲಿ ನಿನ್ನ ಕಾಗದ ಇರಲಿಲ್ಲ. ಆ ವಾರ ನಾನು ಹೇಗಿದ್ದೆ ಎಂದು ಬರೆಯುವುದಿಲ್ಲ. ಉಳಿದ ನಾಲ್ಕೂ ಕಡೆ ಹೋಗಿ ಬಂದೆವು. ಅಲ್ಲೆಲ್ಲ ಎರಡೆರಡು ಸಾಕೆಟ್, ಯಾರೂ ಪ್ಲಗ್ ಕೀಳುವುದಿಲ್ಲ, ಯಾರಿಗೂ ಏನೂ ಆಗಿಲ್ಲ. ನಿನ್ನ ಕಡೆ ಮಾತ್ರ.

ನೀನು ನನ್ನನ್ನು ನಂಬಬೇಡ. ಹುಟ್ಟಿದಾಗಿನಿಂದ ಬೂಸಿ ಬಿಟ್ಟವನಿಗೆ ಅದು ತಕ್ಕದ್ದೇ. ನಿನ್ನ ನೆನಪನ್ನೂ ಪರೀಕ್ಷೆ ಮಾಡಬೇಡ. ದೊಡ್ಡ ಸಿಸ್ಟರ್ ಅವರದ್ದನ್ನು ಮಾಡು. ನಿನ್ನ ಕಾಗದದಲ್ಲೇ ಉತ್ತರವಿದೆ, ನೋಡು: ಅವರು ಕನ್ನಡಕ ಒರೆಸಿಕೊಳ್ಳುತ್ತಾರೆ. ಅದು ಒಂದು ನಿಮಿಷ.

ಅವರು ತಾತನಿಗೆ ಹನಿ ಹಾಕಲಿ. ನೀನು ಕಣ್ಣಾರೆ ನೋಡು. ಅವರು ಎಂಟು ಒತ್ತಲಿ. ಹಸಿರು ಬಂದ ಮರುಗಳಿಗೆಗೆ ಪ್ಲಗ್ ಕಿತ್ತುಬಿಡು. ಅವರು ಏನಾದರೂ ಅನ್ನಲಿ. ಮತ್ತೆ ಹಾಕಿ ಪರದೆ ನೋಡಿರಿ, ಇಬ್ಬರೂ ಒಟ್ಟಿಗೆ. ಇಪ್ಪತ್ತರಲ್ಲಿ ಎರಡು ಸಲ ಉಳಿದುಬಿಡಬಹುದು. ಹಾಗಾದರೆ ಮರುದಿನ ಮತ್ತೊಮ್ಮೆ ಮಾಡು.

ಜೊತೆಗಿರುವ ಲಕೋಟೆ ದೊಡ್ಡ ಸಿಸ್ಟರ್ ಅವರಿಗೆ. ಅದರಲ್ಲಿ ಮೊಹರಿಲ್ಲ, ಬಿರುದಿಲ್ಲ. ದಿಂಬಿನ ವಿಷಯಕ್ಕೆ ಕ್ಷಮೆ ಕೇಳಿದ್ದೇನೆ, ಪೆಟ್ಟಿಗೆಯ ತಪ್ಪು ನನ್ನದೆಂದು ಬರೆದು ಸಹಿ ಹಾಕಿದ್ದೇನೆ. ಈ ಸಹಿ ಇಟ್ಟುಕೊಂಡು ಅವರು ನನ್ನನ್ನು ಎಲ್ಲಿಗೆ ಬೇಕಾದರೂ ಎಳೆಯಬಹುದು.

ಗಡಿಯಾರ ಬೇಡ ಅಕ್ಕಾ.

ತಮ್ಮ


ಆಗಸ್ಟ್ 21

ಪುಟ್ಟಾ,

ನಿನ್ನ ಕಾಗದ 14ಕ್ಕೆ ಕೈಗೆ ಬಂತು. ಲಕೋಟೆ ಹಿಡಿದುಕೊಂಡು ದೊಡ್ಡ ಸಿಸ್ಟರ್ ಕೋಣೆಯ ಹೊರಗೆ ತುಂಬಾ ಹೊತ್ತು ನಿಂತಿದ್ದೆ. ಕೊಟ್ಟರೆ ತಾತನ ನಾಡಿಯ ವಿಷಯ ನಾನೂ ಹೇಳಲೇಬೇಕಿತ್ತು. ಒಳಗೆ ಹೋಗಿ ಅದನ್ನೇ ಮೊದಲು ಹೇಳಿದೆ. ಅವರು ಲಕೋಟೆ ತೆಗೆದುಕೊಂಡರು. ನಿನ್ನ ಕಾಗದ ಓದಿದರು. ಎದ್ದರು.

ಸಂಜೆಯ ಸರದಿ. ತಾತನಿಗೆ ಅವರೇ ಹತ್ತು ಹನಿ ಹಾಕಿದರು, ನಾನು ಗಟ್ಟಿಯಾಗಿ ಎಣಿಸಿದೆ. ಅವರು ಎಂಟು ಒತ್ತಿದರು. ಹಸಿರು. ಪ್ಲಗ್ ಕಿತ್ತೆ. ಮತ್ತೆ ಹಾಕುವಾಗ ಸಾಕೆಟ್ಟಿನ ತೂತು ಸಿಗಲಿಲ್ಲ. ಅವರೇ ನನ್ನ ಕೈ ಹಿಡಿದು ಹಾಕಿಸಿದರು.

"ಮರೆತುಬಿಟ್ಟಿರಾ ಸಿಸ್ಟರ್? ಎಂಟನೇ ಮಂಚದವರು ಕಾಯುತ್ತಿದ್ದಾರೆ."

ಅವರು ಕನ್ನಡಕ ತೆಗೆದು ಒರೆಸಿ, ಹಾಕಿಕೊಂಡು, ಇನ್ನೊಮ್ಮೆ ಓದಿದರು. ಆಮೇಲೆ ಪೆಟ್ಟಿಗೆಗೆ, ಎದುರು ಮನುಷ್ಯ ನಿಂತಿದ್ದಾನೆ ಅನ್ನುವ ಹಾಗೆ, "ನಾನು ಮರ್ತಿಲ್ಲ" ಅಂದರು. ನನ್ನ ಕಡೆ ತಿರುಗಿ, "ನೀನೂ ಮರ್ತಿರ್ಲಿಲ್ಲ ಕಣೇ" ಅಂದರು.

ಉಗ್ರಾಣದಿಂದ ರಿಜಿಸ್ಟರ್ ವಾಪಸ್ ಬಂದಿದೆ. ಜೂನ್ 26ರ ಎದುರು ನಡೆದದ್ದನ್ನು ನಡೆದ ಹಾಗೆ ನನ್ನ ಕೈಯಲ್ಲೇ ಬರೆಸಿದರು. ವಿಚಾರಣೆಗೆ ಮೇಲಿನವರು ಬರುತ್ತಾರೆ, ನೀನೂ ಬರಬೇಕಾಗುತ್ತದೆ. ನನ್ನ ರಾಜೀನಾಮೆಯನ್ನು ಅವರು ಒಲೆಗೆ ಹಾಕಿದರು. ನಿಮ್ಮ ಮೊಹರಿನ ಕಾಗದ ಹೋದ ಒಲೆಗೇ.

ತಾತನಿಗೆ ಎಲ್ಲ ಹೇಳಿ ಕ್ಷಮೆ ಕೇಳಿದೆ. "ಎರಡು ಸಲ ಕೊಟ್ಟದ್ದು ನಂಗೂ ಗೊತ್ತಿತ್ತು ಮಗಳೇ. ನಿನ್ನ ಮುಖ ನೋಡಿ ಹೇಳೋಕೆ ಮನಸ್ಸಾಗ್ಲಿಲ್ಲ" ಅಂದರು. ಇದನ್ನು ಏನೆನ್ನಲಿ, ಹೇಳು. ಅವರೂ ನೀರು ಬೆರೆಸುವವರೇ.

ನೆನಪು ಸರಿಯಿದೆ ಎಂದು ಗೊತ್ತಾಯಿತು. ಆದರೂ ಪ್ಲಗ್ ತೆಗೆಯುವ ಮುಂಚೆ ಅರವತ್ತು ಎಣಿಸುತ್ತೇನೆ. ಐವತ್ತೊಂಬತ್ತರವರೆಗೆ ಈಗಲೂ ಹೆದರಿಕೆ.

ಆ ವಾಕ್ಯ ತೆಗೆದುಹಾಕು.

ಅಕ್ಕ


ಆಗಸ್ಟ್ 26

ಅಕ್ಕಾ,

28ರ ದೋಣಿಯಲ್ಲಿ ಬೇರೆ ಪೆಟ್ಟಿಗೆ ಬರುತ್ತಿದೆ. ಒಳಗೆ ಹಳೆಯ ಡೇಟಾಬೇಸ್. ನಿಧಾನಪ್ಪನವರೂ ನಾನೂ ಒಟ್ಟಿಗೆ ಕೂತು ಇನ್ನೂರು ಸಲ ಒತ್ತಿ, ಇನ್ನೂರು ಸಲ ಪ್ಲಗ್ ಕಿತ್ತೆವು. ದೀಪ ಹತ್ತಿದ ಮೇಲೆ ಒಂದೂ ಕಳೆಯಲಿಲ್ಲ. ಕೊನೆಗೆ ಅವರು ಪೆಟ್ಟಿಗೆಯೊಳಗೆ ಇಣುಕಿ ನೋಡಿದರು. ಈ ಸಲ ನಾನೂ ನೋಡಿದೆ.

ಹಸಿರು ದೀಪ ಹತ್ತಲು ಎರಡು ಸೆಕೆಂಡ್ ಹಿಡಿಯುತ್ತದೆ. ಆ ಹೊತ್ತಿನಲ್ಲಿ ಪರದೆಯ ಮೇಲೆ "ಬರೆಯುತ್ತಿದ್ದೇನೆ, ತಾಳಿ" ಎಂದಿರುತ್ತದೆ. ಅಷ್ಟು ತಾಳಿದರೆ ಸಾಕು. ನೀನು ಅರವತ್ತು ಎಣಿಸಿದರೂ ಅದೇನೂ ಅಂದುಕೊಳ್ಳುವುದಿಲ್ಲ. ವಿಚಾರಣೆಯ ದಿನ ತಿಳಿಸು, ಗಾಳಿಯಿದ್ದರೂ ಬರುತ್ತೇನೆ.

ನೀನು ಹೇಳಿದ ವಾಕ್ಯ ತೆಗೆದೆ. ಆ ಜಾಗದಲ್ಲಿ ಏನು ಬರೆಯಬೇಕೆಂದು ಮೂರು ದಿನ ತಿಳಿಯಲಿಲ್ಲ. ಈಗ ಔಷಧ ದಾಖಲಾಗಿಲ್ಲದಿದ್ದರೆ ಪೆಟ್ಟಿಗೆ ಹೀಗೆ ಹೇಳುತ್ತದೆ:

"ನನ್ನಲ್ಲಿ ಬರೆದಿಲ್ಲ. ನೀವು ಕೊಟ್ಟಿದ್ದೀರಾ, ಸಿಸ್ಟರ್? ನಿಮ್ಮ ಮಾತನ್ನೇ ಬರೆದುಕೊಳ್ಳುತ್ತೇನೆ."

ತಮ್ಮ